ಗೋಡೆಯ ಕಡೆ ತಿರುಗುತ್ತಿದ್ದ ಮೇಷ್ಟ್ರು

ಅವರ ಬಲಗಾಲಿನ ಚಪ್ಪಲಿಯ ಹಿಮ್ಮಡಿ ಬಟ್ಟಲಿನ ಹಾಗೆ ತಗ್ಗಾಗಿತ್ತು. ಎಡಗಾಲಿನದಕ್ಕೆ ಏನೂ ಆಗಿರಲಿಲ್ಲ. ಚಾಮರಾಜಪೇಟೆಯ ನಮ್ಮ ವಠಾರದ ಹೊಸ್ತಿಲಾಚೆ ಆ ಜೋಡಿಯನ್ನು ಬಿಟ್ಟು ಅವರು ಒಳಗೆ ಬಂದ ಮೊದಲ ದಿನವೇ ಅಮ್ಮ ಅದನ್ನು ಗಮನಿಸಿ, "ಈ ಮನುಷ್ಯನಿಗೆ ಒಂದ್ ಕಾಲು ಗಿಡ್ಡ ಇರ್ಬೇಕು ಕಣೇ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ಅವರು ನಡೆಯುವುದನ್ನು ಕಣ್ಣಿಟ್ಟು ನೋಡಿದೆ. ಕುಂಟು ಗಿಂಟು ಏನೂ ಇರಲಿಲ್ಲ. ನೆಟ್ಟಗೆ, ಚುರುಕಾಗಿ ನಡೆಯುತ್ತಿದ್ದರು. ಮತ್ತೆ ಚಪ್ಪಲಿ ಯಾಕೆ ಹಾಗೆ ಸವೆದಿದೆ? ಆ ಮನುಷ್ಯನ ವಿಷಯದಲ್ಲಿ ನನಗಾದ ಗೊಂದಲಗಳಲ್ಲಿ ಇದು ಮೊದಲನೆಯದು, ಮತ್ತು ಬಿಡಿಸಿಕೊಳ್ಳಲು ಸಾಧ್ಯವಾದದ್ದು ಇದೊಂದೇ.

ಅದು ಸ್ವಾತಂತ್ರ್ಯ ಬಂದ ಮಾರನೆಯ ವರ್ಷ. ನಾನು ಟ್ರೈನಿಂಗ್ ಮುಗಿಸಿ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಎರಡನೇ ಕ್ಲಾಸಿನ ಟೀಚರಾಗಿ ಸೇರಿದ್ದೆ. ಕೆಲಸ ಹೊಸದು, ಸೀರೆ ಹೊಸದು, ಬಾಯಿ ಮಾತ್ರ ಹಳೆಯದೇ, ಸ್ವಲ್ಪ ಜೋರು. ಮೂರನೇ ಕ್ಲಾಸಿಗೆ ಹಳ್ಳಿಯಿಂದ ಒಬ್ಬರು ವರ್ಗವಾಗಿ ಬರುತ್ತಾರೆ, ಗಂಡ ಹೆಂಡತಿಗೆ ಒಂದು ಕೋಣೆ ಬೇಕು ಎಂದು ಹೆಡ್ ಮೇಷ್ಟ್ರು ವಿಚಾರಿಸಿದಾಗ, ನಮ್ಮ ಹಿತ್ತಲ ಕಡೆಯ ಕೋಣೆ ಖಾಲಿ ಇದೆ ಎಂದು ಬಾಯಿ ಹಾಕಿದವಳು ನಾನೇ. ಹೀಗೆ ಅವರು ಶಾಲೆಯಲ್ಲೂ ಮನೆಯಲ್ಲೂ ನನ್ನ ಪಕ್ಕಕ್ಕೇ ಬಂದರು. ಶಾಲೆಯವರೆಲ್ಲ ಅವರನ್ನು ಹಳ್ಳಿ ಮೇಷ್ಟ್ರು ಎಂದು ಕರೆದರು. ಅದರಲ್ಲಿ ಕೊಂಚ ತಮಾಷೆಯೂ ಇತ್ತು. ಮುಚ್ಚುಗೊರಳಿನ ಕೋಟು, ಪಂಚೆ, ಪೇಟ, ಬಲಗಿವಿಯ ಸಂದಿಯಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯಲು ಮರೆಯುತ್ತಿದ್ದರು.

ಅವರು ಬಂದದ್ದು ಹೆಂಡತಿಗಾಗಿ. ಆಕೆಗೆ ರಕ್ತ ಸಾಲದ ಕಾಯಿಲೆ. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲಬೇಕು. ವಾರವಾರ ದೊಡ್ಡಾಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡರೆ ಬದುಕುತ್ತಾಳೆ, ಬಿಟ್ಟರೆ ಹೇಳುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಳ್ಳಿಯಲ್ಲಿ ಆ ಸೂಜಿ ಎಲ್ಲಿಂದ ಬರಬೇಕು? ಮೇಷ್ಟ್ರು ಯಾರು ಯಾರ ಕಾಲೋ ಹಿಡಿದು ಬೆಂಗಳೂರಿಗೆ ವರ್ಗ ಮಾಡಿಸಿಕೊಂಡಿದ್ದರು. ಆದರೆ ಅದು ತಾತ್ಕಾಲಿಕ. ವರ್ಷದ ಇನ್ಸ್‌ಪೆಕ್ಷನ್ ಆಗಿ, ಇನ್ಸ್‌ಪೆಕ್ಟರಿಗೆ ಅವರ ಕೆಲಸ ಒಪ್ಪಿಗೆಯಾದರೆ ಇಲ್ಲೇ ಕಾಯಂ. ಇಲ್ಲದಿದ್ದರೆ ಗಂಟು ಮೂಟೆ ಕಟ್ಟಬೇಕು. ಇದನ್ನು ಆಕೆಯೇ ನಮ್ಮ ನಲ್ಲಿಯ ಹತ್ತಿರ ಕೊಡ ಇಟ್ಟು, ಏದುಸಿರು ಬಿಡುತ್ತಾ ಅಮ್ಮನಿಗೆ ಹೇಳಿದಳು. ಅಂದಿನಿಂದ ಆಕೆಯ ಕೊಡವನ್ನು ಅಮ್ಮನೇ ಹೊರುತ್ತಿದ್ದಳು.

ನನ್ನ ಕ್ಲಾಸಿಗೂ ಅವರ ಕ್ಲಾಸಿಗೂ ನಡುವೆ ಇದ್ದದ್ದು ಗೋಡೆಯಲ್ಲ, ಬಿದಿರ ತಟ್ಟಿ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳಿಸುತ್ತಿತ್ತು. ಮೊದಲ ವಾರವೇ ಒಂದು ವಿಚಿತ್ರ ಕೇಳಿಸಿತು. ಅವರು ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದರು. ಚೆನ್ನಾಗಿಯೇ ಹೇಳಿಕೊಡುತ್ತಿದ್ದರು, ಒಂದೇ ಒಂದು ಮಾತು ಹೆಚ್ಚಿರಲಿಲ್ಲ. ಪೀರಿಯಡ್ಡು ಕಾಲುಭಾಗ ಕಳೆಯುವಷ್ಟರಲ್ಲಿ, "ನೀವು ಬರೀತಿರಿ, ಬಂದೆ" ಎಂದರು. ಆಮೇಲೆ ಸದ್ದೇ ಇಲ್ಲ. ಎಲ್ಲಿಗೆ ಹೋದರು ಎಂದು ತಟ್ಟಿಯ ಸಂದಿನಿಂದ ಇಣುಕಿದರೆ, ಮನುಷ್ಯ ಅಲ್ಲೇ ಇದ್ದಾರೆ. ಬಲಗಾಲಿನ ಹಿಮ್ಮಡಿಯ ಮೇಲೆ ಗಿರಕ್ಕನೆ ತಿರುಗಿ, ಮಕ್ಕಳಿಗೆ ಬೆನ್ನು ಕೊಟ್ಟು, ಬರೀ ಗೋಡೆಯನ್ನು ನೋಡುತ್ತಾ ನಿಂತಿದ್ದಾರೆ. ಬಾಯಿ ತೆರೆದಿದೆ. ಇನ್ನೇನು ಮಾತಾಡಬೇಕು, ಅಷ್ಟರಲ್ಲಿ ಗೋಡೆ ಖಾಲಿ ಎನ್ನುವುದು ಕಂಡಿತೋ ಏನೋ, ಬಾಯಿ ಮುಚ್ಚಿತು. ಆದರೂ ತಿರುಗಲಿಲ್ಲ. ಹಾಗೆಯೇ ಒಂದಷ್ಟು ಹೊತ್ತು ನಿಂತಿದ್ದರು.

ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಗಾಳಿ ಗೀಳಿ ಏನಾದ್ರೂ ಮೆಟ್ಕೊಂಡಿದ್ಯೇನೋ" ಎಂದಳು. ನಾನು ಗಾಳಿಯನ್ನು ನಂಬುವವಳಲ್ಲ. ಕೊನೆಗೆ ನಾಚಿಕೆ ಬಿಟ್ಟು ಅವರ ಹೆಂಡತಿಯನ್ನೇ ಕೇಳಿದೆ. ಆಕೆಗೆ ನಗು ಬಂತು. ನಕ್ಕರೆ ಉಸಿರು ಕಟ್ಟುತ್ತಿದ್ದುದರಿಂದ ಸೆರಗು ಬಾಯಿಗೆ ಒತ್ತಿಕೊಂಡಳು.

"ಗಾಳೀನೂ ಇಲ್ಲ ಗೂಳೀನೂ ಇಲ್ಲ ಕಣವ್ವ. ನಮ್ಮೂರ್ ಇಸ್ಕೂಲ್ನಾಗೆ ಒಂದ್ ಗ್ವಾಡೆ ತಾವ ಒಂದ್ ಕಿಲಾಸು. ನಾಕ್ ಗ್ವಾಡೆ, ನಾಕ್ ಕಿಲಾಸು, ಮಧ್ಯದಾಗೆ ಇವ್ರೊಬ್ರೇ. ಇವ್ರಿಗೆ ಲೆಕ್ಕ ಕೊಡಾದು, ಅವ್ರ ಕಡೆ ತಿರುಗಾದು. ಅವ್ರಿಗೆ ಮಗ್ಗಿ ಹೇಳ್ಕೊಡಾದು, ಇನ್ನೊಬ್ರ ಕಡೆ ತಿರುಗಾದು. ದಿನಾ ಪೂರ್ತಿ ಬುಗುರಿ ತಿರುಗ್ದಂಗೆ ತಿರುಗ್ತಿದ್ರು. ಈಗ್ಲೂ ಕಾಲು ಕೇಳಾಕಿಲ್ಲ."

ಚಪ್ಪಲಿಯ ಗುಟ್ಟು ಹೀಗೆ ಬಯಲಾಯಿತು. ನನಗೆ ನಿರಾಳವಾಯಿತು ಎಂದುಕೊಂಡೆ. ಆದರೆ ಮಾರನೆಯ ದಿನವೂ ತಟ್ಟಿಯ ಆಚೆ "ಬರೀತಿರಿ, ಬಂದೆ" ಎಂದು ಕೇಳಿ, ಆಮೇಲೆ ಆ ಮೌನ ಬಿದ್ದಾಗ ನಿರಾಳವೆಲ್ಲ ಹೋಯಿತು. ಅಭ್ಯಾಸಬಲದಿಂದ ತಿರುಗುವುದು ಸರಿ. ತಿರುಗಿದ ಮೇಲೆ ಅಷ್ಟು ಹೊತ್ತು ನಿಲ್ಲುವುದೇಕೆ? ನಾಲ್ಕು ಕ್ಲಾಸು ಒಬ್ಬರೇ ಎಳೆದವರಿಗೆ ಒಂದೇ ಕ್ಲಾಸು ಅಂದರೆ ಹಬ್ಬವಾಗಬೇಕಿತ್ತು. ಇವರೋ ದಿನದಿನಕ್ಕೆ ಇಳಿದು ಹೋಗುತ್ತಿದ್ದರು. ಗಂಟೆ ಹೊಡೆದರೆ ಬೆಚ್ಚಿ ಬೀಳುತ್ತಿದ್ದರು. ಮಧ್ಯಾಹ್ನದ ಬುತ್ತಿ ಅರ್ಧ ಕಾಗೆಗೆ ಹೋಗುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಗಂಟಲು ಕಟ್ಟಿ, ಮಾತು ಪಿಸುಗುಟ್ಟಿದ ಹಾಗೆ ಬರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಕೂತು ಅವರು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ಹೆಂಡತಿಗೆ ಕೈಲಾಗದ ಕೆಲಸವೆಲ್ಲ ಅವರೇ ಮಾಡುತ್ತಿದ್ದರು. ನಾನು ನೇರವಾಗಿ ಕೇಳಿದೆ, "ಅಲ್ಲ ಮೇಷ್ಟ್ರೇ, ಹಳ್ಳೀಲಿ ಅಷ್ಟು ಕಷ್ಟಪಟ್ಟಿದ್ದೀರಿ, ಇಲ್ಲಿ ಏನ್ ಕಷ್ಟ ನಿಮಗೆ?"

"ಅಲ್ಲಿ ಕಷ್ಟ ಇರ್ಲಿಲ್ಲ ಅಂತ ಯಾರು ಹೇಳಿದ್ರು ಟೀಚರಮ್ಮ?" ಎಂದರು. "ಶಾನುಭೋಗರಿಗೆ ಜ್ವರ ಬಂದ್ರೆ ಊರಿನ ಲೆಕ್ಕ ನಂದು. ಪೂಜಾರಿಗೆ ಜ್ವರ ಬಂದ್ರೆ ಗುಡೀ ಗಂಟೆ ನಂದು. ಟಪಾಲು ನಂದು, ರೇಷನ್ ಸಕ್ಕರೆ ಅಳೆಯೋದು ನಂದು. ಯಾರ್ದಾದ್ರೂ ಹಸು ಕಳೆದೋದ್ರೂ ಸ್ಕೂಲಿನ ಬಾಗಿಲಿಗೇ ಬರೋರು. ನನಗೆ ಜ್ವರ ಬಂದ್ರೆ ಮಾತ್ರ ಕೇಳೋರು ದಿಕ್ಕಿರ್ಲಿಲ್ಲ. ಅದನ್ನ ಬಿಟ್ಟು ಓಡಿ ಬಂದ್ರೆ ಸಾಕು ಅನ್ನಿಸಿತ್ತು. ನಿಜವಾಗ್ಲೂ ಓಡಿಯೇ ಬಂದೆ."

"ಮತ್ತೆ?"

ಅವರು ಒಂದು ಕಾಯಿ ಮುರಿದು ಅದನ್ನೇ ನೋಡಿದರು. "ಅಲ್ಲಿ ಯಾವಾಗ್ಲೂ ಒಂದು ಕಡೆ ಮುಖ, ಮೂರು ಕಡೆ ಬೆನ್ನು. ಮುಖಕ್ಕೆ ಆಯಾಸ ಆದ್ರೆ ತಿರುಗಿಬಿಡೋದು. ಇಲ್ಲಿ ಅರವತ್ತು ಮಕ್ಕಳು, ನೂರಿಪ್ಪತ್ತು ಕಣ್ಣು, ಬೆಳಿಗ್ಗೆಯಿಂದ ಸಂಜೆಗಂಟ ನನ್ನೇ ನೋಡ್ತವೆ. ಬಾಗಿಲಲ್ಲಿ ಹೆಡ್ ಮೇಷ್ಟ್ರು ನೋಡ್ತಾರೆ. ಸಂದೀಲಿ ನೀವು ನೋಡ್ತೀರಿ." ನನ್ನ ಮುಖ ಕೆಂಪಾಯಿತು. ಅವರು ನಕ್ಕರು. "ನನಗೆ ಬೆನ್ನೇ ಇಲ್ದಂಗಾಗಿದೆ ಟೀಚರಮ್ಮ. ಅದಕ್ಕೇ ಒಂದು ಚೂರು ಹೊತ್ತು ಗೋಡೆ ಕಡೆ ತಿರುಗಿ ಉಸಿರಾಡ್ತೀನಿ."

ನನಗೆ ಅರ್ಥವಾಯಿತೇ? ಆಯಿತು ಎಂದು ತಲೆಯಾಡಿಸಿದೆ. ಟ್ರೈನಿಂಗಿನಲ್ಲಿ ನಮಗೆ ಹೇಳಿಕೊಟ್ಟಿದ್ದು ಇದಕ್ಕೆ ಪೂರ್ತಿ ತಿರುಗುಮುರುಗು. ಕ್ಲಾಸಿಗೆ ಬೆನ್ನು ಕೊಡಬಾರದು, ಬೋರ್ಡಿನ ಮೇಲೆ ಬರೆಯುವಾಗಲೂ ಓರೆಯಾಗಿ ನಿಲ್ಲಬೇಕು, ಕಣ್ಣು ತೆಗೆದರೆ ಮಕ್ಕಳು ಕೈಬಿಟ್ಟು ಹೋಗುತ್ತವೆ ಎಂದು ಕಲಿತವಳು ನಾನು. ವಿಚಿತ್ರವೆಂದರೆ ಅವರ ಮಕ್ಕಳು ಕೈಬಿಟ್ಟು ಹೋಗಿರಲಿಲ್ಲ. ಮೊದಮೊದಲು ಕಿಸಿಕಿಸಿ ನಗುತ್ತಿದ್ದವು. ಆಮೇಲಾಮೇಲೆ, ಮೇಷ್ಟ್ರು ತಿರುಗಿದರು ಎಂದರೆ ತಲೆ ಬಗ್ಗಿಸಿ ಬರೆಯತೊಡಗಿದವು. ಗೊತ್ತಿಲ್ಲದವನು ಪಕ್ಕದವನನ್ನು ಕೇಳುತ್ತಿದ್ದ, ಪಕ್ಕದವನು ಮೆಲ್ಲಗೆ ಹೇಳಿಕೊಡುತ್ತಿದ್ದ. ಎಲ್ಲರೂ ಜಾಣರಾದರು ಎಂದು ಸುಳ್ಳು ಹೇಳಲಾರೆ. ಭಾಗಾಕಾರ ಬಾರದ ದಡ್ಡರು ಅಲ್ಲೂ ಇದ್ದರು, ನನ್ನಲ್ಲೂ ಇದ್ದರು. ನಾನು ಕಣ್ಣು ಮಿಟುಕಿಸದೆ ಕಾದದ್ದಕ್ಕೆ ನನಗೇನು ಸಿಕ್ಕಿತು ಎಂದು ಮಾತ್ರ ಆಗಾಗ ಅನ್ನಿಸುತ್ತಿತ್ತು.

ಹೆಡ್ ಮೇಷ್ಟ್ರಿಗೆ ಇದು ತಿಳಿಯದೆ ಇರುತ್ತದೆಯೇ? ಅವರ ಕೈಯಲ್ಲಿ ಒಂದು ಬೆತ್ತ ಇರುತ್ತಿತ್ತು. ಅದರಿಂದ ಮಕ್ಕಳನ್ನು ಹೊಡೆದದ್ದು ನಾನು ಕಾಣೆ. ಜಗಲಿಯ ಕಂಬಗಳಿಗೆ ಟಕ್ ಟಕ್ ಎಂದು ತಟ್ಟುತ್ತಾ ಓಡಾಡುತ್ತಿದ್ದರು, ಆ ಸದ್ದಿಗೆ ನಾವೆಲ್ಲ ಪಾಠದ ದನಿ ಏರಿಸುತ್ತಿದ್ದೆವು. ಪಾಪ, ಅವರ ಹೊಟ್ಟೆಯಲ್ಲಿ ಹುಣ್ಣು. ಬಾಟಲಿಯಲ್ಲಿ ಮಜ್ಜಿಗೆ ತಂದಿಟ್ಟುಕೊಂಡು, ಮೇಲಿನ ಆಫೀಸಿನಿಂದ ಕಾಗದ ಬಂದಾಗಲೆಲ್ಲ ಒಂದು ಗುಟುಕು ಕುಡಿಯುತ್ತಿದ್ದರು. ಮೌನವಾಗಿರುವ ಮೇಷ್ಟ್ರು ಸರ್ಕಾರದ ಅನ್ನ ಕದಿಯುತ್ತಾನೆ ಎಂಬುದು ಅವರ ಗಟ್ಟಿ ನಂಬಿಕೆ. ಒಂದು ದಿನ ಬೆತ್ತದ ಸದ್ದು ಪಕ್ಕದ ಬಾಗಿಲಲ್ಲಿ ನಿಂತಿತು.

"ಏನ್ರೀ ಅದು? ಗೋಡೆಗೆ ಪಾಠ ಮಾಡ್ತಿದೀರಾ?"

ಮೇಷ್ಟ್ರ ಚಪ್ಪಲಿ ಸರ್ರನೆ ತಿರುಗಿದ ಸದ್ದು ಕೇಳಿಸಿತು.

"ನೋಡಿ, ನನಗೂ ಮೇಲಿನೋರಿದ್ದಾರೆ. ಇನ್ನೊಂದ್ ಸಲ ಇದು ಕಂಡ್ರೆ ನಿಮ್ಮ ತಲೆ ಸರಿ ಇದೆ ಅಂತ ಡಾಕ್ಟರ್ ಹತ್ರ ಬರೆಸ್ಕೊಂಡ್ ಬನ್ನಿ ಅನ್ಬೇಕಾಗತ್ತೆ. ಇನ್ಸ್‌ಪೆಕ್ಷನ್ ದಿನ ಏನಾದ್ರೂ ತಿರುಗಿದ್ರೆ, ನಿಮ್ಮನ್ನ ಇಲ್ಲಿ ಉಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ. ಮನೇಲಿ ಕಾಯಿಲೆಯೋರಿದ್ದಾರೆ, ಅದನ್ನ ನೆನಪಿಟ್ಕೊಳ್ಳಿ."

ಮಾರನೆಯ ದಿನ ಮೇಷ್ಟ್ರು ಮೇಜನ್ನು ಗೋಡೆಯ ತೀರ ಹತ್ತಿರಕ್ಕೆ ಎಳೆದು, ಕುರ್ಚಿಯನ್ನು ಪಕ್ಕಕ್ಕೆ ಒತ್ತಿ, ಗೋಡೆಗೂ ಮೇಜಿಗೂ ನಡುವೆ ತಾವೇ ಸಿಕ್ಕಿಕೊಂಡ ಹಾಗೆ ನಿಂತರು. ತಿರುಗಲು ಜಾಗವೇ ಇಲ್ಲ. ಬೆವರು ಸುರಿಯುತ್ತಿತ್ತು. ಹೇಳಿದ್ದನ್ನೇ ಹೇಳುತ್ತಿದ್ದರು. ಮಕ್ಕಳು ಬರೆಯುವುದನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಾ ಕೂತವು. ಮನೆಯಲ್ಲಿ ಅನ್ನ ಸೇರದೆ ಎದ್ದು ಬಿಡುತ್ತಿದ್ದರಂತೆ. ಅವರ ಹೆಂಡತಿಗೆ ಸೂಜಿಯ ಗುಣ ಕಾಣಿಸತೊಡಗಿತ್ತು, ಕೆನ್ನೆಯಲ್ಲಿ ರಕ್ತ ಆಡುತ್ತಿತ್ತು, ಕೊಡವನ್ನು ತಾನೇ ಎತ್ತುತ್ತಿದ್ದಳು. ಅವಳು ಮೇಲೇಳುತ್ತಿದ್ದಳು, ಇವರು ಕೆಳಗಿಳಿಯುತ್ತಿದ್ದರು. ಯಾರ ಕಡೆ ನೋಡಿ ಸಂತೋಷಪಡಬೇಕು, ಯಾರ ಕಡೆ ನೋಡಿ ದುಃಖಪಡಬೇಕು ಎಂದು ಅಮ್ಮನಿಗೂ ನನಗೂ ತಿಳಿಯುತ್ತಿರಲಿಲ್ಲ.

ಇನ್ಸ್‌ಪೆಕ್ಷನ್ ಅಂದರೆ ಆ ಕಾಲದಲ್ಲಿ ಮದುವೆ ಮನೆಯ ಸಂಭ್ರಮ, ಸಾವಿನ ಮನೆಯ ಭಯ ಎರಡೂ. ನಮ್ಮ ಶಾಲೆಯಲ್ಲಿ ಇಲ್ಲದ ಭೂಪಟಗಳನ್ನು ಬಸವನಗುಡಿಯ ಒಂದು ಶಾಲೆಯಿಂದ ಎರವಲು ತಂದು ನೇತು ಹಾಕುತ್ತಿದ್ದೆವು. ಅವರ ಇನ್ಸ್‌ಪೆಕ್ಷನ್ ದಿನ ನಮ್ಮ ಗಡಿಯಾರ ಅಲ್ಲಿಗೆ ಹೋಗುತ್ತಿತ್ತು. ಅದೇ ಇನ್ಸ್‌ಪೆಕ್ಟರು ಎರಡೂ ಕಡೆ ಅದೇ ಭೂಪಟ, ಅದೇ ಗಡಿಯಾರ ನೋಡಿಯೂ ಏನೂ ಹೇಳುತ್ತಿರಲಿಲ್ಲ. ಅವರೂ ಒಂದು ಕಾಲಕ್ಕೆ ಮೇಷ್ಟ್ರಾಗಿದ್ದವರು ತಾನೇ.

ಆ ವರ್ಷ ಭೂಪಟ ಬಂತು, ಆದರೆ ಮೇಷ್ಟ್ರುಗಳೇ ಬರಲಿಲ್ಲ. ಊರಿನಲ್ಲೆಲ್ಲ ಜ್ವರ ಹಬ್ಬಿತ್ತು. ಒಂದನೇ ಕ್ಲಾಸಿನ ಮೇಷ್ಟ್ರೂ ನಾಲ್ಕನೇ ಕ್ಲಾಸಿನ ಮೇಷ್ಟ್ರೂ ಇನ್ಸ್‌ಪೆಕ್ಷನ್ ದಿನವೇ ಮಲಗಿಬಿಟ್ಟರು. ಗಂಟೆ ಹೊಡೆಯುವ ಮೊದಲೇ ಹೆಡ್ ಮೇಷ್ಟ್ರು ಮಜ್ಜಿಗೆ ಬಾಟಲಿ ಖಾಲಿ ಮಾಡಿ ಜಗಲಿಯ ಮೇಲೆ ತಲೆ ಹಿಡಿದು ನಿಂತಿದ್ದರು. ಮೇಷ್ಟ್ರಿಲ್ಲದ ಎರಡು ಕ್ಲಾಸು ಕಾಗೆ ಗೂಡಿನ ಹಾಗೆ ಗಲಾಟೆ ಮಾಡುತ್ತಿದ್ದವು. ಆಗ ಹಳ್ಳಿ ಮೇಷ್ಟ್ರು ಬಾಗಿಲಿಗೆ ಬಂದು, ಬಹಳ ಸಂಕೋಚದಿಂದ, "ಸಾರ್, ಅವ್ರನ್ನೂ ನನ್ನ ಕ್ಲಾಸಿಗೇ ಕಳ್ಸಿಬಿಡಿ" ಎಂದರು.

"ಮೂರು ಕ್ಲಾಸು ಒಟ್ಟಿಗಾ? ತಮಾಷೆ ಮಾಡ್ತಿದೀರಾ?"

"ಕಳ್ಸಿ ಸಾರ್. ಜಾಗ ಇದೆ."

ಬೇರೆ ದಾರಿ ಇರಲಿಲ್ಲ. ಮೇಷ್ಟ್ರು ಗೋಡೆಗೆ ಒತ್ತಿದ್ದ ಮೇಜನ್ನು ಹೊರಗೆ ಸಾಗಿಸಿದರು. ಒಂದು ಗೋಡೆಗೆ ಒಂದನೇ ಕ್ಲಾಸು, ಇನ್ನೊಂದಕ್ಕೆ ಮೂರು, ಮತ್ತೊಂದಕ್ಕೆ ನಾಲ್ಕು. ನಾಲ್ಕನೆಯ ಕಡೆ ತಟ್ಟಿ, ತಟ್ಟಿಯ ಆಚೆ ನಾನು. ಅವರ ಮಾತಿಗೆ ನಾಚಿಕೆಯಾಗಿ ಇಣುಕುವುದನ್ನು ಎಷ್ಟೋ ಕಡಿಮೆ ಮಾಡಿದ್ದೆ. ಅವತ್ತು ಮತ್ತೆ ಇಣುಕಿದೆ. ಪುಟ್ಟ ಮಕ್ಕಳ ಮುಂದೆ ಹುಣಸೆಬೀಜ ಸುರಿದು, ನೆಲದ ಮೇಲೆ ಅಕ್ಷರ ಜೋಡಿಸಲು ಹೇಳಿದರು. ಮೂರನೆಯವರಿಗೆ ಒಂದು ಲೆಕ್ಕ. "ಬರೀತಿರಿ, ಬಂದೆ." ಹಿಮ್ಮಡಿ ತಿರುಗಿತು. ನಾಲ್ಕನೆಯವರಿಗೆ ಪಾಠ. "ಬರೀತಿರಿ, ಬಂದೆ." ಮತ್ತೆ ತಿರುಗಿತು. ಈ ಸಲ ತಿರುಗಿದ ಕಡೆಯಲ್ಲೆಲ್ಲ ಮಕ್ಕಳಿದ್ದರು. ಆ ಕಟ್ಟಿದ ಗಂಟಲು ಎಲ್ಲಿ ಹೋಯಿತೋ, ದನಿ ಖಣಿಖಣಿ ಎನ್ನುತ್ತಿತ್ತು. ನಾಲ್ಕನೆಯವರು ಮೇಷ್ಟ್ರು ಬೆನ್ನು ತಿರುಗಿಸಿದ ಕೂಡಲೇ ಗಲಾಟೆ ಶುರು ಮಾಡಿದರು. ಆಗ ಮೂರನೇ ಕ್ಲಾಸಿನ ಮಕ್ಕಳು, ಬೆನ್ನಿಗೆ ಒಗ್ಗಿ ಹೋಗಿದ್ದವರು, ತಲೆ ಎತ್ತಿ "ಶ್, ಬರೀರೋ" ಎಂದು ದೊಡ್ಡವರನ್ನೇ ಗದರಿದರು.

ಇನ್ಸ್‌ಪೆಕ್ಟರು ಬಾಗಿಲಲ್ಲಿ ಬಂದು ನಿಂತದ್ದನ್ನು ನಾನು ಕಂಡೆ, ಮೇಷ್ಟ್ರು ಕಾಣಲಿಲ್ಲ. ಕಂಡಮೇಲೆ ಕೈಮುಗಿದು, "ಒಂದು ನಿಮಿಷ ಸಾರ್, ಇವ್ರಿಗೆ ಹೇಳಿ ಬಂದೆ" ಎಂದು ಅವರಿಗೇ ಬೆನ್ನು ತಿರುಗಿಸಿದರು! ಹೆಡ್ ಮೇಷ್ಟ್ರ ಮುಖ ನೋಡಬೇಕಿತ್ತು. ಇನ್ಸ್‌ಪೆಕ್ಟರು ಪಂಚೆ ಮಡಿಸಿಕೊಂಡು ಹುಣಸೆಬೀಜದ ಮಕ್ಕಳ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು. ಎಷ್ಟು ಹೊತ್ತು ಕೂತಿದ್ದರು ಅಂದರೆ ನನ್ನ ಕ್ಲಾಸಿಗೆ ಬರಲು ಅವರಿಗೆ ಪುರುಸೊತ್ತೇ ಆಗಲಿಲ್ಲ. ನನಗೆ ಹೊಟ್ಟೆಯುರಿಯೂ ಆಯಿತು, ಹೆಮ್ಮೆಯೂ ಆಯಿತು. ಗೆದ್ದರು, ಇನ್ನು ಆ ಹೆಂಗಸು ಉಳಿದುಕೊಂಡಳು ಎಂದು ಅಲ್ಲೇ ದೇವರಿಗೆ ಕೈಮುಗಿದೆ.

ಸಂಜೆ ನಮ್ಮನ್ನೆಲ್ಲ ಆಫೀಸು ಕೋಣೆಗೆ ಕರೆದರು. ಇನ್ಸ್‌ಪೆಕ್ಟರು ಕಾಫಿ ಲೋಟ ಕೆಳಗಿಟ್ಟು, ಹೆಡ್ ಮೇಷ್ಟ್ರಿಗೆ, "ಇಂಥೋರನ್ನ ಇಲ್ಲಿಟ್ಕೊಂಡು ಏನ್ ಮಾಡ್ತೀರಿ?" ಎಂದರು. "ಊರೂರಲ್ಲಿ ಹೊಸ ಸ್ಕೂಲು ತೆಗೀತಿದೀವಿ. ಒಬ್ಬೊಬ್ರೇ ಹೋಗಿ ನಡೆಸ್ಬೇಕು. ಪಟ್ಟಣದೋರನ್ನ ಕಳ್ಸಿದ್ರೆ ತಿಂಗಳಿಗೆ ಓಡಿ ಬರ್ತಾರೆ. ಈ ಕಲೆ ಗೊತ್ತಿರೋರು ಕೈಬೆರಳಲ್ಲಿ ಎಣಿಸೋಷ್ಟು. ಇವರನ್ನ ನಾನು ಹಳ್ಳಿಗೇ ಹಾಕಿಸ್ತೀನಿ, ಹೊಸ ಮೇಷ್ಟ್ರುಗಳು ಬಂದು ನೋಡಿ ಕಲೀಲಿ." ಅದು ಶಿಕ್ಷೆಯಲ್ಲ, ಮೆಚ್ಚುಗೆ. ಆತನ ಕಣ್ಣಿನಲ್ಲಿ ನಿಜವಾದ ಗೌರವ ಇತ್ತು.

ಆಶ್ಚರ್ಯವೆಂದರೆ ಬಾಯಿ ತೆರೆದವರು ಹೆಡ್ ಮೇಷ್ಟ್ರು. "ಸಾರ್, ಅವರ ಮನೆಯೋರಿಗೆ ಮೈ ಸರಿ ಇಲ್ಲ, ಇಲ್ಲಿ ಆಸ್ಪತ್ರೆ…" ಎಂದು ತೊದಲಿದರು. ಇನ್ಸ್‌ಪೆಕ್ಟರು ಗಾಬರಿಯಾಗಿ ಮೇಷ್ಟ್ರ ಕಡೆ ನೋಡಿದರು. "ಹೌದೇನ್ರೀ? ಹಾಗಾದ್ರೆ ಹೇಳಿ, ಬಲವಂತ ಇಲ್ಲ."

ಹೇಳಿ ಎಂದು ನಾನು ಒಳಗೊಳಗೇ ಕೂಗಿದೆ. ಒಂದು ಮಾತು ಸಾಕಿತ್ತು. ಮೇಷ್ಟ್ರು ಕಿವಿಯ ಸಂದಿಯ ಸೀಮೆಸುಣ್ಣ ತೆಗೆದರು, ನೋಡಿದರು, ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ಆಮೇಲೆ, "ಹೋಗ್ತೀನಿ ಸಾರ್" ಎಂದರು.

ನನಗೆ ಮೈಯೆಲ್ಲ ಉರಿದು ಹೋಯಿತು. ದಾರಿಯುದ್ದಕ್ಕೂ ಹತ್ತು ಹೆಜ್ಜೆ ಮುಂದೆಯೇ ನಡೆದೆ. ಮನೆ ಮುಟ್ಟಿದವಳೇ ಅವರಿಗಿಂತ ಮೊದಲು ಹಿತ್ತಲ ಕೋಣೆಗೆ ನುಗ್ಗಿ ಅವರ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಆಕೆ ಅಳುತ್ತಾಳೆ, ಗಂಡನನ್ನು ಹಿಡಿದು ಕೇಳುತ್ತಾಳೆ ಎಂದುಕೊಂಡಿದ್ದೆ. ಆಕೆ ಬಾಗಿಲಾಚೆ ಕಾಲು ತೊಳೆಯುತ್ತಿದ್ದ ಗಂಡನ ಕಡೆ ಸುಮ್ಮನೆ ನೋಡಿದಳು.

"ಅವ್ರ ಮೊಕ ನೋಡ್ದಾ ಮಗಾ? ಬೆಂಗ್ಳೂರಿಗೆ ಬಂದ್ಮ್ಯಾಗೆ ಇಂಗಿತ್ತಾ?" ಎಂದಳು. "ನಾನು ಇಲ್ಲೇ ಇರ್ತೀನಿ, ಸೂಜಿ ಆಕಿಸ್ಕೋತೀನಿ. ಅವ್ರು ಓಗ್ಲಿ. ಇಲ್ಲಿದ್ರೆ ನನ್ ಕಣ್ಮುಂದೇನೇ ಕರಗೋಯ್ತಾರೆ."

ನನಗೆ ಆಕೆಯ ಮೇಲೂ ಸಿಟ್ಟು ಬಂತು. ಹೆಂಡತಿಯನ್ನು ಉಳಿಸಲು ಬಂದವನು ಹೆಂಡತಿಯನ್ನು ಬಿಟ್ಟು ಹೋಗುತ್ತಾನೆ, ಅವಳು ಹೋಗಲಿ ಅನ್ನುತ್ತಾಳೆ. ಇದು ಪ್ರೀತಿಯೋ, ಹುಚ್ಚೋ? ಅಮ್ಮ ಮಾತ್ರ ಆ ರಾತ್ರಿಯಿಂದಲೇ ಆಕೆಗೂ ಸೇರಿಸಿ ಅಕ್ಕಿ ಹಾಕತೊಡಗಿದಳು.

ಅವರು ಹೋದರು. ಶನಿವಾರದ ಮಧ್ಯಾಹ್ನ ಬಸ್ಸಿನಲ್ಲಿ ಬರುವುದು, ಸೋಮವಾರ ಬೆಳಕು ಹರಿಯುವಾಗ ಹೊರಡುವುದು. ಹೊಸ್ತಿಲು ದಾಟುವಾಗ ಹೆಂಡತಿಗೆ, "ಇರು, ಬಂದೆ" ಎನ್ನುತ್ತಿದ್ದರು, ಬೀದಿ ಕೊನೆಯ ಅಂಗಡಿಗೆ ಹೋಗುವವರ ಹಾಗೆ. ವರ್ಷಗಳು ಹೀಗೇ ನಡೆದವು. ಬಂದಾಗಲೆಲ್ಲ ಹಳ್ಳಿಯನ್ನು ಬೈಯುತ್ತಿದ್ದರು. ಜನಗಣತಿ ತಲೆಗೆ ಕಟ್ಟಿದರು, ಎಲೆಕ್ಷನ್ ಪೆಟ್ಟಿಗೆ ತಲೆಗೆ ಕಟ್ಟಿದರು, ಈಗ ಬಾವಿಗೆ ಔಷಧಿ ಹಾಕುವುದೂ ನನ್ನದೇ ಅಂತೆ, ನೋಡಲು ಬರುವ ಹೊಸ ಮೇಷ್ಟ್ರುಗಳಿಗೆ ಊಟವೂ ನನ್ನ ಮನೆಯಲ್ಲೇ ಅಂತೆ ಎಂದು. ಬೈಯುತ್ತಾ ಬೈಯುತ್ತಾ ನಗುತ್ತಿದ್ದರು. ಮೈ ಮಾತ್ರ ಸೊರಗಿತ್ತು, ಮೆಟ್ಟಿಲು ಹತ್ತಿದರೆ ಎದೆ ಒತ್ತಿಕೊಳ್ಳುತ್ತಿದ್ದರು. "ಡಾಕ್ಟರಿಗೆ ತೋರಿಸಿ, ಆಸ್ಪತ್ರೆ ಇಲ್ಲೇ ಇದೆ" ಎಂದರೆ, "ಶನಿವಾರ ಮಧ್ಯಾಹ್ನ ಯಾವ ಡಾಕ್ಟರು ಇರ್ತಾರೆ? ವಾರದ ದಿನ ಬಂದ್ರೆ ಸ್ಕೂಲಿಗೆ ಬೀಗ" ಎನ್ನುತ್ತಿದ್ದರು.

ಆ ಮಧ್ಯೆ ನನ್ನ ಪಾಲಿಗೂ ಕಷ್ಟ ಬಂತು. ಮೂರನೇ ಕ್ಲಾಸಿಗೆ ಯಾರೂ ಬರದೆ, ತಟ್ಟಿ ತೆಗೆದು ಎರಡೂ ಕ್ಲಾಸನ್ನು ನನಗೇ ಕೊಟ್ಟರು. ಎರಡೂ ಕಡೆ ಕಣ್ಣಿಡಲು ಹೋಗಿ ನಾನು ಹೈರಾಣಾದೆ. ಮನೆಗೆ ಬಂದು ಯಾರ ಮೇಲಾದರೂ ಹಾರಾಡುತ್ತಿದ್ದೆ. ಕೆಲಸ ಬಿಡುತ್ತೇನೆ ಎಂದು ಒಂದು ಶನಿವಾರ ಅಮ್ಮನ ಮುಂದೆ ಅಳುತ್ತಿದ್ದಾಗ ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಎರಡೂ ಕಡೆ ನೋಡ್ತೀರಾ?" ಎಂದು ಕೇಳಿದರು.

"ನೋಡ್ದೆ ಇದ್ರೆ ಹೇಗೆ?"

"ನೋಡ್ಬೇಡಿ ಟೀಚರಮ್ಮ. ಒಂದು ಕಡೆ ನೋಡಿ. ಇನ್ನೊಂದು ಕಡೆಗೆ ಕೆಲಸ ಕೊಟ್ಟು ಬೆನ್ನು ಕೊಡಿ. ನೀವು ನಂಬಿದೀರಿ ಅಂತ ಗೊತ್ತಾದ್ರೆ ಅವು ಬರೀತವೆ. ನೀವೂ ಬದುಕ್ತೀರಿ." ನಂತರ ನಮ್ಮ ನಡುಮನೆಯಲ್ಲಿ ನಿಂತು, ಹಿಮ್ಮಡಿಯ ಮೇಲೆ ತಿರುಗುವುದು ಹೇಗೆ ಎಂದು ತೋರಿಸಿದರು. ನಾನು ಸೀರೆಯ ನೆರಿಗೆ ತುಳಿದು ಬೀಳುವುದರಲ್ಲಿದ್ದೆ. ಅಮ್ಮ, ಅವರ ಹೆಂಡತಿ, ಎಲ್ಲರೂ ನಕ್ಕರು. ಅಳು ಬಂದಿದ್ದು ನನಗೆ ಮರೆತೇ ಹೋಯಿತು. ಕೆಲಸ ಬಿಡಲಿಲ್ಲ.

ಮಾರನೆಯ ವರ್ಷ ಒಂದು ಬುಧವಾರ ಸಂಜೆ, ನಾನು ಶಾಲೆಯಿಂದ ಬರುವ ಹೊತ್ತಿಗೆ, ಆ ಊರಿನ ರೈತರೊಬ್ಬರು ನಮ್ಮ ಜಗಲಿಯ ಮೇಲೆ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಕೂತಿದ್ದರು. ಮೇಷ್ಟ್ರ ಹೆಂಡತಿ ಕಂಬಕ್ಕೆ ಒರಗಿದ್ದಳು. ಆ ಹೊತ್ತಿಗೆ ಗಟ್ಟಿಮುಟ್ಟಾಗಿದ್ದಳು ಆಕೆ, ತುಂಬಿದ ಕೆನ್ನೆ, ಒಳ್ಳೆಯ ಬಣ್ಣ. ಅವತ್ತು ಬೆಳಿಗ್ಗೆ ಮೇಷ್ಟ್ರು ನಾಲ್ಕನೆಯವರಿಗೆ ಲೆಕ್ಕ ಕೊಟ್ಟು, "ಬರೀತಿರಿ, ಬಂದೆ" ಎಂದು ಒಂದನೆಯವರ ಕಡೆ ತಿರುಗಿದರಂತೆ. ತಿರುಗಿ, ಪುಟ್ಟ ಮಕ್ಕಳ ಪಕ್ಕ ಗೋಡೆಗೆ ಒರಗಿ ಕೂತರಂತೆ. ಮೇಷ್ಟ್ರಿಗೆ ನಿದ್ದೆ ಬಂತು ಎಂದು ಆ ಮಕ್ಕಳು ಸದ್ದು ಮಾಡದೆ ಹುಣಸೆಬೀಜ ಜೋಡಿಸಿದವಂತೆ. ನಾಲ್ಕನೆಯವರು ಲೆಕ್ಕ ಮುಗಿಸಿದರು, ಸ್ಲೇಟು ತೊಡೆಯ ಮೇಲಿಟ್ಟುಕೊಂಡರು, ಮೇಷ್ಟ್ರು ತಿರುಗಲಿ ಎಂದು ಕಾದರು. ಯಾರೋ ಟಪಾಲು ಕೇಳಲು ಬರುವವರೆಗೂ ಹಾಗೇ ಕಾಯುತ್ತಾ ಕೂತಿದ್ದರಂತೆ.

ಅವರನ್ನು ಕೊಂದದ್ದು ಹಳ್ಳಿಯೇ, ಬೆಂಗಳೂರೇ, ಇನ್ಸ್‌ಪೆಕ್ಟರ ಮೆಚ್ಚುಗೆಯೇ? ಇಲ್ಲೇ ಇದ್ದಿದ್ದರೆ ಬದುಕುತ್ತಿದ್ದರೇ, ಇನ್ನೂ ಬೇಗ ಹೋಗುತ್ತಿದ್ದರೇ? ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅವರ ಹೆಂಡತಿ ಅವತ್ತು ಕೇಳಿದ್ದು ಒಂದೇ ಮಾತು. "ಆ ಮಕ್ಳ ಲೆಕ್ಕ ಯಾರಾದ್ರೂ ನೋಡಿದ್ರಾ?" ರೈತರು ಟವೆಲು ಮುಖಕ್ಕೆ ಒತ್ತಿಕೊಂಡರು.

ಮಾರನೆಯ ದಿನ ನಾನು ಶಾಲೆಗೆ ಹೋದೆ, ಬದಲಿಗೆ ಯಾರೂ ಇರಲಿಲ್ಲ. ಒಂದು ಕಡೆಯವರಿಗೆ ಲೆಕ್ಕ ಕೊಟ್ಟೆ, ಇನ್ನೊಂದು ಕಡೆಯವರಿಗೆ ಕಾಪಿ ಬರೆಯಲು ಹೇಳಿದೆ. "ಬರೀತಿರಿ, ಬಂದೆ" ಎಂದು ಹಿಮ್ಮಡಿಯ ಮೇಲೆ ತಿರುಗಿ, ಮಕ್ಕಳಿಲ್ಲದ ಗೋಡೆಯ ಕಡೆ ಮುಖ ಮಾಡಿ ನಿಂತೆ. ಬೇಕಾದಷ್ಟು ಹೊತ್ತು ಅತ್ತೆ. ಬೆನ್ನ ಹಿಂದೆ ಎರಡೂ ಕ್ಲಾಸಿನ ಬಳಪಗಳು ಸ್ಲೇಟಿನ ಮೇಲೆ ಕಿರುಗುಟ್ಟುತ್ತಿದ್ದವು, ಒಂದೂ ನಿಲ್ಲಲಿಲ್ಲ.